105ರ ಜಗಳ: ಮನೆಯ ನೆಟ್‌ವರ್ಕಿನ ವಿಳಾಸಗಳನ್ನು ಹೊಸದಾಗಿ ಹಂಚಿದ ಕೆಲಸದ ದಾಖಲೆ

ನಮ್ಮ ಮನೆಯ ಪ್ರಿಂಟರ್ ಕೆಲವು ತಿಂಗಳುಗಳಿಂದ ವಿಚಿತ್ರವಾಗಿ ವರ್ತಿಸುತ್ತಿತ್ತು. ಬೆಳಿಗ್ಗೆ ಸರಿಯಾಗಿ ಮುದ್ರಿಸುತ್ತಿದ್ದ ಅದು ಸಂಜೆಯ ಹೊತ್ತಿಗೆ ಸಂಪರ್ಕದಲ್ಲಿಲ್ಲ ಎಂದು ತೋರಿಸುತ್ತಿತ್ತು. ಒಮ್ಮೆ ಆರಿಸಿ ಹಾಕಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಇದರ ಜೊತೆಗೆ ಇನ್ನೆರಡು ದೂರುಗಳಿದ್ದವು. ಮೇಲಿನ ಮಹಡಿಯಲ್ಲಿ ವೈ-ಫೈ ಗುರುತು ಪೂರ್ತಿ ತುಂಬಿರುವಾಗಲೂ ಫೋನುಗಳಲ್ಲಿ ಆಗಾಗ ಇಂಟರ್ನೆಟ್ ನಿಂತುಹೋಗುತ್ತದೆ ಎಂದು ಮನೆಯವರು ಹೇಳುತ್ತಿದ್ದರು. ಆ ತಪ್ಪನ್ನು ನಾನು ಗೋಡೆಗಳ ದಪ್ಪದ ಮೇಲೆ ಹೊರಿಸಿ ಸುಮ್ಮನಿದ್ದೆ. ಮೂರನೆಯ ದೂರು ನನ್ನದೇ. ಮನೆಯಿಂದ ಕಚೇರಿಯ ವಿಪಿಎನ್ (ದೂರದಿಂದಲೇ ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಸೇರಿಕೊಂಡು ಅಲ್ಲಿನ ಕಡತಗಳ ಸರ್ವರಿನ ವಿಳಾಸವಾದ 192.168.1.20 ಅನ್ನು ಬ್ರೌಸರಿನಲ್ಲಿ ಹಾಕಿದರೆ, ನಮ್ಮ ಮನೆಯ ಸ್ಟೋರೇಜ್ ಪೆಟ್ಟಿಗೆಯ ಲಾಗಿನ್ ಪುಟವೇ ತೆರೆದುಕೊಳ್ಳುತ್ತಿತ್ತು.

ಮೂರೂ ಬೇರೆ ಬೇರೆ ತೊಂದರೆಗಳೆಂದೇ ನಾನು ಬಹಳ ಕಾಲ ನಂಬಿದ್ದೆ. ಕೊನೆಗೆ ಒಂದು ವಾರಾಂತ್ಯವನ್ನು ಮೀಸಲಿಟ್ಟು ಮನೆಯ ಐಪಿ ವಿಳಾಸಗಳನ್ನೆಲ್ಲ, ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಉಪಕರಣವನ್ನು ಗುರುತಿಸುವ ಅಂಕಿಗಳನ್ನೆಲ್ಲ, ಬುಡದಿಂದ ಹೊಂದಿಸಿದಾಗ ಮೂರಕ್ಕೂ ಮೂಲ ಒಂದೇ ಎಂದು ಗೊತ್ತಾಯಿತು: ವಿಳಾಸಗಳನ್ನು ನಿರ್ಧರಿಸುವ ಜಾಗ ಒಂದಕ್ಕಿಂತ ಹೆಚ್ಚಿತ್ತು. ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಶುಕ್ರವಾರ ರಾತ್ರಿ: ಲೆಕ್ಕ ಹಾಕಿದ್ದು

ಮೊದಲು ಜೋಡಣೆಯನ್ನು ಹೇಳಿಬಿಡುತ್ತೇನೆ. ಇಂಟರ್ನೆಟ್ ಸೇವೆಯವರು ಕೊಟ್ಟ ಪೆಟ್ಟಿಗೆಯನ್ನು ಹಿಂದೆಯೇ ಬ್ರಿಡ್ಜ್ ಸ್ಥಿತಿಗೆ ಹಾಕಿಸಿದ್ದೆ, ಆದ್ದರಿಂದ ಅದು ಬರಿಯ ಮೋಡೆಮ್ ಆಗಿ ಕೆಲಸ ಮಾಡುತ್ತದೆ. ಅದಕ್ಕೆ ನನ್ನ ರೂಟರ್ ಅಂಟಿಕೊಂಡಿದೆ. ವಿಳಾಸ ಹಂಚುವುದೂ ಹೊರಗಿನ ಜಗತ್ತಿಗೆ ದಾರಿ ತೋರಿಸುವುದೂ ಇದರ ಕೆಲಸ. ಮೇಲಿನ ಮಹಡಿಗೆ ಒಂದು ಕೇಬಲ್ ಹೋಗಿದ್ದು, ಅದರ ತುದಿಯಲ್ಲಿ ನಾನು ಮೊದಲು ಬಳಸುತ್ತಿದ್ದ ಹಳೆಯ ರೂಟರ್ ಕೇವಲ ವೈ-ಫೈ ಕೊಡುವ ಆಕ್ಸೆಸ್ ಪಾಯಿಂಟಾಗಿ ಕುಳಿತಿದೆ. ಕೇವಲ ಎಂಬ ಈ ಪದವನ್ನು ನೆನಪಿಟ್ಟುಕೊಳ್ಳಿ.

ಉಪಕರಣಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು, ಅದು ಒಂದು ಅವಧಿಗೆಂದು ಕೊಡುವ ವಿಳಾಸವೇ ಲೀಸ್. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಡಿಎಚ್‌ಸಿಪಿ ಲೀಸ್ ಪಟ್ಟಿ ಎಂದೊಂದು ಇರುತ್ತದೆ. ತಾನು ಯಾವ ಉಪಕರಣಕ್ಕೆ ಯಾವ ವಿಳಾಸ ಕೊಟ್ಟಿದ್ದೇನೆ ಎಂಬುದನ್ನು ಅದರಲ್ಲಿ ರೂಟರ್ ಬರೆದಿಟ್ಟುಕೊಂಡಿರುತ್ತದೆ. ನಮ್ಮಲ್ಲಿ ಅದು 17 ಉಪಕರಣಗಳನ್ನು ತೋರಿಸಿತು. ಆದರೆ ಈ ಪಟ್ಟಿಯನ್ನು ಮಾತ್ರ ನಂಬಬಾರದು, ಏಕೆಂದರೆ ರೂಟರನ್ನು ಕೇಳದೆ ತಾವೇ ವಿಳಾಸ ಇಟ್ಟುಕೊಂಡ ಉಪಕರಣಗಳು ಅದರಲ್ಲಿ ಬರುವುದಿಲ್ಲ. ಆದ್ದರಿಂದ 192.168.1.1ರಿಂದ 192.168.1.254ರವರೆಗೆ ಪ್ರತಿಯೊಂದು ವಿಳಾಸಕ್ಕೂ ಒಂದೊಂದು ಪಿಂಗ್ (ಇದ್ದೀಯಾ ಎಂದು ಕೇಳುವ ಸಣ್ಣ ಸಂದೇಶ) ಕಳುಹಿಸುವ ಸಣ್ಣ ಆದೇಶವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ, ಅದು ಮುಗಿದ ಮೇಲೆ, ಯಾವ ಐಪಿ ವಿಳಾಸ ಯಾವ ಯಂತ್ರದ್ದು ಎಂದು ಲ್ಯಾಪ್‌ಟಾಪ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿಯನ್ನು ತೆರೆದು ನೋಡಿದೆ. ಪಿಂಗ್‌ಗೆ ಉತ್ತರ ಬಾರದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸುವುದು ತಪ್ಪು. ವಿಂಡೋಸ್ ಕಂಪ್ಯೂಟರುಗಳ ಫೈರ್‌ವಾಲ್ ಹಲವು ವೇಳೆ ಪಿಂಗನ್ನು ನುಂಗಿಬಿಡುತ್ತದೆ. ಆದರೆ ಪಿಂಗ್ ಹೋಗುವ ಮೊದಲೇ, ಈ ಐಪಿ ವಿಳಾಸ ಯಾರದು, ನಿಮ್ಮ ಮ್ಯಾಕ್ ವಿಳಾಸ (ನೆಟ್‌ವರ್ಕಿಗೆ ಸೇರುವ ಯಂತ್ರಾಂಶದ ಗುರುತು) ಹೇಳಿ ಎಂಬ ಎಆರ್‌ಪಿ ಪ್ರಶ್ನೆ ಹೊರಡುತ್ತದೆ, ಅದಕ್ಕೆ ಉತ್ತರ ಕೊಡದಿದ್ದರೆ ಆ ಉಪಕರಣಕ್ಕೆ ನೆಟ್‌ವರ್ಕಿನಲ್ಲಿ ಬದುಕೇ ಇಲ್ಲ. 1982ರಲ್ಲಿ ಬರೆದಿಟ್ಟ ಈ ನಿಯಮವೇ ಇವತ್ತಿಗೂ ಐಪಿ ವಿಳಾಸವನ್ನು ಯಂತ್ರದ ಮ್ಯಾಕ್ ವಿಳಾಸಕ್ಕೆ ಗಂಟು ಹಾಕುತ್ತಿದೆ.

ಎಲ್ಲರನ್ನೂ ಎಣಿಸಿದಾಗ, ನನ್ನ ಲ್ಯಾಪ್‌ಟಾಪನ್ನೂ ಸೇರಿಸಿ ಮತ್ತು ಮುಖ್ಯ ರೂಟರನ್ನು ಬಿಟ್ಟು, 22 ಉಪಕರಣಗಳು ಸಿಕ್ಕವು. ಲೀಸ್ ಪಟ್ಟಿಯಲ್ಲಿ ಇಲ್ಲದವು ಐದು: ಪ್ರಿಂಟರ್, ಸ್ಟೋರೇಜ್ ಪೆಟ್ಟಿಗೆ, ಕ್ಯಾಮೆರಾಗಳ ರೆಕಾರ್ಡರ್, ಮೇಲಿನ ಹಳೆಯ ರೂಟರ್, ಮತ್ತು ಇನ್ನೊಂದು ಯಾವುದೋ ಅಪರಿಚಿತ. ಮೊದಲ ನಾಲ್ಕಕ್ಕೂ ಹಿಂದೊಮ್ಮೆ ನಾನೇ ಕೈಯಾರೆ ವಿಳಾಸ ಬರೆದಿದ್ದೆ. ಐದನೆಯದೇ ಸ್ವಾರಸ್ಯದ್ದು. ಪ್ರಿಂಟರಿಗೆ ನಾನು ಕೊಟ್ಟಿದ್ದ ವಿಳಾಸ 192.168.1.105, ಎಆರ್‌ಪಿ ಪಟ್ಟಿಯನ್ನು ಹತ್ತು ನಿಮಿಷಗಳ ಅಂತರದಲ್ಲಿ ಎರಡು ಸಲ ನೋಡಿದಾಗ 105ರ ಎದುರು ಒಮ್ಮೆ ಪ್ರಿಂಟರಿನ ಮ್ಯಾಕ್ ವಿಳಾಸವಿತ್ತು, ಇನ್ನೊಮ್ಮೆ ಬೇರೆಯೇ ಒಂದಿತ್ತು. ಒಂದೇ ಮನೆ ಸಂಖ್ಯೆಯನ್ನು ಇಬ್ಬರು ಬಾಗಿಲಿಗೆ ಬರೆದುಕೊಂಡರೆ ಅಂಚೆ ಯಾರಿಗೆ ಸೇರುತ್ತದೆ ಎಂಬುದು ಅಂಚೆಯವನ ಅಂದಿನ ನೆನಪನ್ನು ಅವಲಂಬಿಸಿರುತ್ತದೆ. ಪ್ರಿಂಟರಿನ ಬೆಳಿಗ್ಗೆ-ಸಂಜೆಯ ನಾಟಕಕ್ಕೆ ಇದೇ ವಿವರಣೆ.

ಮ್ಯಾಕ್ ವಿಳಾಸದಲ್ಲಿ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕೆಗಳಾಗಿ ಬರುತ್ತವೆ. ಆ ಅಪರಿಚಿತ ಮ್ಯಾಕ್ ವಿಳಾಸದ ಎರಡನೆಯ ಅಂಕೆ ಎ ಎಂಬ ಅಕ್ಷರವಾಗಿತ್ತು. ಆ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಕಾರ್ಖಾನೆಯಲ್ಲಿ ಬರೆದ ವಿಳಾಸವಲ್ಲ, ಉಪಕರಣದ ತಂತ್ರಾಂಶ ತಾನೇ ಹುಟ್ಟಿಸಿಕೊಂಡದ್ದು ಎಂದರ್ಥ. ಆಂಡ್ರಾಯ್ಡ್ 10 ಮತ್ತು ಐಓಎಸ್ 14 ಬಂದಾಗಿನಿಂದ ಫೋನುಗಳು ಪ್ರತಿ ವೈ-ಫೈಗೂ ಹೀಗೆ ಬೇರೆ ಬೇರೆ ವೇಷ ಹಾಕುತ್ತವೆ. ಹಾಗಾಗಿ ಇದು ಮನೆಯದೇ ಒಂದು ಫೋನು ಎಂಬುದು ಖಚಿತವಾಯಿತು. ನಮ್ಮ ರೂಟರ್ 100ರಿಂದ 199ರವರೆಗೆ ಹಂಚುತ್ತಿತ್ತು, 105 ಅದರೊಳಗೇ ಬರುತ್ತದೆ. ಪ್ರಿಂಟರ್ ಆರಿದ್ದ ಹೊತ್ತಿನಲ್ಲಿ ರೂಟರ್ ಅದನ್ನು ಖಾಲಿ ಎಂದುಕೊಂಡು ಫೋನಿಗೆ ಕೊಟ್ಟಿದೆ, ಆಮೇಲೆ ವಿದ್ಯುತ್ ಹೋಗಿ ಬಂದಾಗ ತನ್ನ ಪಟ್ಟಿಯನ್ನು ಮರೆತಿದೆ ಎಂದು ನಾನು ತರ್ಕಿಸಿದೆ. ಎಷ್ಟೋ ರೂಟರುಗಳು ಈ ಪಟ್ಟಿಯನ್ನು ತಾತ್ಕಾಲಿಕ ನೆನಪಿನಲ್ಲಷ್ಟೇ ಇಟ್ಟುಕೊಳ್ಳುವುದರಿಂದ ತರ್ಕಕ್ಕೆ ಕೊರತೆಯೇನೂ ಕಾಣಲಿಲ್ಲ. ಅದು ತಪ್ಪು ಎಂದು ಗೊತ್ತಾಗಲು ಬುಧವಾರದವರೆಗೆ ಕಾಯಬೇಕಾಯಿತು.

ಶನಿವಾರ: ಯಾವ ವ್ಯಾಪ್ತಿ, ಎಷ್ಟು ದೊಡ್ಡದು

ಖಾಸಗಿ ನೆಟ್‌ವರ್ಕುಗಳಿಗೆಂದು 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ತುಂಡುಗಳನ್ನು ಎತ್ತಿಟ್ಟಿದೆ. 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು ಮೊದಲನೆಯದು, ಅದರಲ್ಲಿ 1,67,77,216 ವಿಳಾಸಗಳಿವೆ. 172.16ರಿಂದ 172.31ರವರೆಗಿನದು ಎರಡನೆಯದು, 172 ಎಂದ ಮಾತ್ರಕ್ಕೆ ಎಲ್ಲವೂ ಖಾಸಗಿಯಲ್ಲ, 172.32 ಎಂದು ಬರೆದರೆ ಅದು ಹೊರಗಿನ ಯಾರದೋ ಸ್ವತ್ತಾಗುತ್ತದೆ. ಮೂರನೆಯದು 192.168ರಿಂದ ಆರಂಭವಾಗುವ 65,536 ವಿಳಾಸಗಳು. ಮನೆಗೆ ಮೊದಲನೆಯದನ್ನು ಪೂರ್ತಿಯಾಗಿ ಬಳಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. 192.168ರಲ್ಲಿ ಒಂದು ತುಂಡು, 255.255.255.0 ಎಂಬ ಸಬ್‌ನೆಟ್ ಮಾಸ್ಕಿನೊಂದಿಗೆ, 256 ವಿಳಾಸಗಳನ್ನು ಕೊಡುತ್ತದೆ. ಅದರಲ್ಲಿ 0 ನೆಟ್‌ವರ್ಕಿನ ಹೆಸರಾಗಿಯೂ 255 ಎಲ್ಲರನ್ನೂ ಒಟ್ಟಿಗೆ ಕೂಗುವ ವಿಳಾಸವಾಗಿಯೂ ಹೋಗಿ 254 ಉಳಿಯುತ್ತವೆ. 22 ಉಪಕರಣಗಳಿಗೆ ಇದು ಧಾರಾಳ.

ಸಬ್‌ನೆಟ್ ಮಾಸ್ಕ್ ಎಂದರೆ ಹಲವರು ಹೆದರುತ್ತಾರೆ, ಆದರೆ ಅದು ಕೇಳುವುದು ಒಂದೇ ಪ್ರಶ್ನೆಯನ್ನು: ನಾನು ಮಾತನಾಡಬೇಕಾದವನು ನನ್ನ ಓಣಿಯವನೋ ಹೊರಗಿನವನೋ? 255 ಇರುವ ಜಾಗದ ಅಂಕಿಗಳು ಎರಡೂ ವಿಳಾಸಗಳಲ್ಲಿ ಒಂದೇ ಆಗಿದ್ದರೆ ಅವನು ಓಣಿಯವನು, ಎಆರ್‌ಪಿಯಲ್ಲಿ ಕೂಗಿ ಕರೆದು ನೇರವಾಗಿ ಮಾತನಾಡಬಹುದು. ಬೇರೆಯಾಗಿದ್ದರೆ ಮಾತನ್ನು ಗೇಟ್‌ವೇ, ಅಂದರೆ ಹೊರಗೆ ದಾರಿ ತೋರಿಸುವ ರೂಟರಿನ, ಕೈಗೆ ಕೊಡಬೇಕು. ನನ್ನ ವಿಪಿಎನ್ ತೊಂದರೆಯ ಗುಟ್ಟು ಇಲ್ಲಿಯೇ ಇತ್ತು. ಕಚೇರಿಯ ನೆಟ್‌ವರ್ಕೂ 192.168.1, ಮನೆಯದೂ 192.168.1, ಹಾಗಿರುವಾಗ 192.168.1.20 ಎಂದು ಕೇಳಿದ ಲ್ಯಾಪ್‌ಟಾಪ್, ಇದು ನಮ್ಮ ಓಣಿಯದೇ ಎಂದು ತೀರ್ಮಾನಿಸಿ ವಿಪಿಎನ್ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಕಚೇರಿಯದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದ್ದರಿಂದ ಮನೆಯದೇ ಬದಲಾಗಬೇಕು.

ರೂಟರುಗಳು ಕಾರ್ಖಾನೆಯಿಂದ ಹೊರಡುವಾಗ ಸಾಮಾನ್ಯವಾಗಿ 192.168.0 ಅಥವಾ 192.168.1 ಹೊತ್ತು ಬರುತ್ತವೆ, ಆದ್ದರಿಂದ ಘರ್ಷಣೆ ತಪ್ಪಿಸಬೇಕೆಂದರೆ ಆ ಎರಡನ್ನೂ ಮೊದಲು ಬಿಡಬೇಕು. 172.17 ಡಾಕರ್ ಎಂಬ ತಂತ್ರಾಂಶದ ಪೂರ್ವನಿಯೋಜಿತ ವ್ಯಾಪ್ತಿ, 10.8.0 ಓಪನ್‌ವಿಪಿಎನ್ ಮಾದರಿ ಕಡತಗಳಲ್ಲಿ ಬರುವಂಥದು, ಅವನ್ನೂ ಬಿಟ್ಟೆ. ಕೊನೆಗೆ 192.168.73 ಆರಿಸಿಕೊಂಡೆ. 73ಕ್ಕೆ ವಿಶೇಷ ಕಾರಣವಿಲ್ಲ. ಇನ್ನೊಬ್ಬರು ಅದನ್ನೇ ಆರಿಸುವ ಸಂಭವ ಕಡಿಮೆ ಎಂಬುದಷ್ಟೇ ಅದರ ಯೋಗ್ಯತೆ.

ಇದೇ ಹೊತ್ತಿನಲ್ಲಿ ರೂಟರಿನ ಹೊರಮುಖದ, ಅಂದರೆ ವ್ಯಾನ್ ಕಡೆಯ, ವಿಳಾಸವನ್ನೂ ನೋಡಿದೆ. ಅದು 100.72 ಎಂದು ಆರಂಭವಾಗಿತ್ತು. 100.64ರಿಂದ 100.127ರವರೆಗಿನ ವ್ಯಾಪ್ತಿಯನ್ನು 2012ರಲ್ಲಿ ಸೇವೆ ಕೊಡುವವರ ಒಳಬಳಕೆಗೆಂದು ಎತ್ತಿಟ್ಟಿದ್ದಾರೆ. 2011ರ ಫೆಬ್ರವರಿಯಲ್ಲಿ ಹಂಚಲು ಉಳಿದಿದ್ದ ಐಪಿವಿ4 (ಇಲ್ಲಿಯವರೆಗೆ ಹೇಳಿದ, ನಾಲ್ಕು ಅಂಕಿಗಳ ಮಾದರಿಯ) ವಿಳಾಸಗಳ ಕೇಂದ್ರ ದಾಸ್ತಾನು ಮುಗಿದ ಮೇಲೆ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವುದು ಅನಿವಾರ್ಯವಾಯಿತು. ಇದರ ಅರ್ಥವೇನೆಂದರೆ, ನನ್ನ ರೂಟರಿನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಒಳಗಿನ ಒಂದು ಉಪಕರಣಕ್ಕೆ ತಲುಪಿಸುವ ಏರ್ಪಾಡು) ಮಾಡಿದರೂ ಹೊರಗಿನಿಂದ ಯಾರೂ ಬಾಗಿಲು ತಟ್ಟಲಾರರು. ಹಿಂದೆ ಯಾವಾಗಲೋ ಬರೆದು ಕೆಲಸ ಮಾಡದೇ ಬಿಟ್ಟಿದ್ದ ಮೂರು ಫಾರ್ವರ್ಡಿಂಗ್ ನಿಯಮಗಳನ್ನು ಅಲ್ಲೇ ಅಳಿಸಿದೆ.

ಒಳಗಿನ ಹಂಚಿಕೆಯನ್ನು ಕಾಗದದ ಮೇಲೆ ಹೀಗೆ ಬರೆದುಕೊಂಡೆ. 1 ಮುಖ್ಯ ರೂಟರಿಗೆ; 2ರಿಂದ 9 ನೆಟ್‌ವರ್ಕಿನದೇ ಉಪಕರಣಗಳಿಗೆ; 10ರಿಂದ 49 ಪ್ರಿಂಟರ್, ಸ್ಟೋರೇಜ್, ರೆಕಾರ್ಡರ್ ಮುಂತಾದ ಜಾಗ ಬದಲಿಸದವುಗಳಿಗೆ; 100ರಿಂದ 199 ಬಂದು ಹೋಗುವ ಫೋನು ಲ್ಯಾಪ್‌ಟಾಪುಗಳಿಗೆ ಡಿಎಚ್‌ಸಿಪಿ ಹಂಚಲು. ನಡುವಿನದೂ ಕೊನೆಯದೂ ಖಾಲಿ. ಇದಕ್ಕಿಂತ ಮುಖ್ಯವಾದ ತೀರ್ಮಾನ ಇನ್ನೊಂದಿತ್ತು: ಯಾವ ಉಪಕರಣಕ್ಕೂ ಅದರೊಳಗೆ ಹೋಗಿ ಕೈಯಾರೆ ವಿಳಾಸ ಬರೆಯುವುದಿಲ್ಲ. ಎಲ್ಲವೂ ರೂಟರನ್ನೇ ಕೇಳಲಿ, ಸ್ಥಿರ ವಿಳಾಸ ಬೇಕಾದವುಗಳಿಗೆ ಅವುಗಳ ಮ್ಯಾಕ್ ನೋಡಿ ರೂಟರಿನಲ್ಲೇ ಕಾಯ್ದಿರಿಸೋಣ. ಕೈಯಾರೆ ಬರೆದ ವಿಳಾಸ ಮತ್ತು ಕಾಯ್ದಿರಿಸಿದ ವಿಳಾಸ ಎರಡೂ ಬಳಸುವವರಿಗೆ ಒಂದೇ ಥರ ಕಾಣುತ್ತವೆ, ಆದರೆ ಮೊದಲನೆಯದು ಉಪಕರಣದ ಹೊಟ್ಟೆಯೊಳಗೆ ಅಡಗಿ ಕುಳಿತಿರುತ್ತದೆ, ಎರಡನೆಯದು ಒಂದೇ ಪುಟದಲ್ಲಿ ಕಣ್ಣಿಗೆ ಬೀಳುತ್ತದೆ.

ಬದಲಾವಣೆಗೆ ಮೊದಲೇ ಮಾಡಿದ ಎರಡು ಕೆಲಸಗಳು ಭಾನುವಾರದ ಬಹಳಷ್ಟು ತಲೆನೋವನ್ನು ಉಳಿಸಿದವು. ಒಂದು, ಲೀಸ್ ಅವಧಿಯನ್ನು ತಗ್ಗಿಸಿದ್ದು. ಡಿಎಚ್‌ಸಿಪಿ ಕೊಡುವ ವಿಳಾಸ ದಾನವಲ್ಲ, ಗೇಣಿ. ಅವಧಿಯ ಅರ್ಧ ಕಳೆದಾಗ ಉಪಕರಣ ಬಂದು ನವೀಕರಣ ಕೇಳುತ್ತದೆ, ಉತ್ತರ ಸಿಗದಿದ್ದರೆ ಶೇಕಡಾ 87.5 ಕಳೆದಾಗ ಯಾರಾದರೂ ಕೊಡಿ ಎಂದು ಎಲ್ಲರನ್ನೂ ಕೂಗಿ ಕೇಳುತ್ತದೆ. ನಮ್ಮಲ್ಲಿ ಅವಧಿ 24 ಗಂಟೆ ಇತ್ತು. ಅದನ್ನು ಹಾಗೇ ಬಿಟ್ಟು ರೂಟರಿನ ವಿಳಾಸ ಬದಲಿಸಿದ್ದರೆ ಕೆಲವು ಉಪಕರಣಗಳು ಇಡೀ ದಿನ ಹಳೆಯ ವಿಳಾಸವನ್ನೇ ಹಿಡಿದುಕೊಂಡು ಕೂರುತ್ತಿದ್ದವು. ಶನಿವಾರ ಬೆಳಿಗ್ಗೆಯೇ ಅದನ್ನು 5 ನಿಮಿಷಕ್ಕೆ ಇಳಿಸಿದೆ. ಹಳೆಯ ಗೇಣಿಯ ಅರ್ಧ, ಅಂದರೆ 12 ಗಂಟೆ, ಕಳೆಯುವಷ್ಟರಲ್ಲಿ ಎಲ್ಲವೂ ಬಂದು ಹೊಸ ಸಣ್ಣ ಗೇಣಿಯನ್ನು ಪಡೆದಿದ್ದವು.

ಎರಡನೆಯದು, ಕೈಯಾರೆ ವಿಳಾಸ ಬರೆದಿದ್ದ ಉಪಕರಣಗಳನ್ನು ಹಳೆಯ ನೆಟ್‌ವರ್ಕ್ ಇರುವಾಗಲೇ ಸ್ವಯಂಚಾಲಿತಕ್ಕೆ ತಿರುಗಿಸಿದ್ದು. ಹೀಗೆ ಮಾಡಿದರೆ ಮರುದಿನ ಅವು ತಾವಾಗಿಯೇ ಹೊಸ ಮನೆಗೆ ನಡೆದು ಬರುತ್ತವೆ. ಪ್ರಿಂಟರಿನದು ಅದರ ಫಲಕದಲ್ಲೇ ಒಂದು ನಿಮಿಷದ ಕೆಲಸ, ಸ್ಟೋರೇಜಿನದು ಬ್ರೌಸರಿನಲ್ಲಿ ಎರಡು ನಿಮಿಷ. ರೆಕಾರ್ಡರಿಗೆ ಪರದೆ ಜೋಡಿಸಬೇಕಿತ್ತು, ಗುಪ್ತಪದ ಹುಡುಕಬೇಕಿತ್ತು; ನಾಳೆ ನೋಡೋಣ ಎಂದು ಬಿಟ್ಟೆ. ಮೇಲಿನ ಹಳೆಯ ರೂಟರಿನ ವಿಷಯವಂತೂ ನೆನಪಿಗೇ ಬರಲಿಲ್ಲ, ಅದು ಕೇವಲ ಆಕ್ಸೆಸ್ ಪಾಯಿಂಟ್ ತಾನೆ.

ಭಾನುವಾರ: ಬದಲಿಸಿದ್ದು

ವೈ-ಫೈ ಆರಿಸಿ, ಲ್ಯಾಪ್‌ಟಾಪನ್ನು ಕೇಬಲಿನಿಂದ ರೂಟರಿಗೆ ಜೋಡಿಸಿ, ಮೊದಲು ಸೆಟ್ಟಿಂಗುಗಳ ಪ್ರತಿಯನ್ನು ಕಡತವಾಗಿ ಇಳಿಸಿಕೊಂಡೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಅನುಭವ ನನಗೆ ಹಿಂದೆ ಆಗಿದೆ. ಆಮೇಲೆ ಲ್ಯಾನ್, ಅಂದರೆ ಒಳಗಿನ ನೆಟ್‌ವರ್ಕಿನ, ಪುಟದಲ್ಲಿ 192.168.1.1 ಇದ್ದದ್ದನ್ನು 192.168.73.1 ಮಾಡಿ, ಮಾಸ್ಕನ್ನು ಮುಟ್ಟದೆ, ಡಿಎಚ್‌ಸಿಪಿ ವ್ಯಾಪ್ತಿಯೂ 73ಕ್ಕೆ ಬದಲಾಗಿದೆಯೇ ಎಂದು ನೋಡಿ ಉಳಿಸಿದೆ. ಕೆಲವು ರೂಟರುಗಳಲ್ಲಿ ಈ ವ್ಯಾಪ್ತಿ ತಾನಾಗಿ ಬದಲಾಗುವುದಿಲ್ಲ, ಹಾಗಾದಾಗ ರೂಟರ್ ಒಂದು ಓಣಿಯಲ್ಲಿ ಕುಳಿತು ಇನ್ನೊಂದು ಓಣಿಯ ವಿಳಾಸಗಳನ್ನು ಹಂಚಲು ಹೊರಡುತ್ತದೆ.

ಉಳಿಸಿದ ಕೂಡಲೇ ಪುಟ ಸುತ್ತುತ್ತಲೇ ಉಳಿಯಿತು. ಮೊದಲ ಸಲ ಮಾಡುವವರು ಇಲ್ಲಿ ಗಾಬರಿಗೊಂಡು ರೀಸೆಟ್ ಗುಂಡಿಗೆ ಕೈ ಹಾಕುತ್ತಾರೆ. ಆಗಿರುವುದು ಇಷ್ಟೇ: ರೂಟರ್ ಹೊಸ ವಿಳಾಸಕ್ಕೆ ಹೋಗಿಯಾಗಿದೆ, ಬ್ರೌಸರ್ ಹಳೆಯ ವಿಳಾಸದ ಬಾಗಿಲನ್ನು ತಟ್ಟುತ್ತಿದೆ, ಲ್ಯಾಪ್‌ಟಾಪ್ ಹಳೆಯ ಗೇಣಿಯನ್ನು ಹಿಡಿದಿದೆ. ಕೇಬಲನ್ನು ಕಿತ್ತು ಹತ್ತು ಸೆಕೆಂಡು ಬಿಟ್ಟು ಮತ್ತೆ ಸಿಕ್ಕಿಸಿದೆ, ಲ್ಯಾಪ್‌ಟಾಪಿಗೆ 192.168.73.112 ಬಂದಿತು, 192.168.73.1ರಲ್ಲಿ ರೂಟರಿನ ಪುಟ ತೆರೆಯಿತು. ಒಂದು ವೇಳೆ 169.254 ಎಂದು ಆರಂಭವಾಗುವ ವಿಳಾಸ ಬಂದಿದ್ದರೆ, ಯಾರೂ ವಿಳಾಸ ಕೊಡಲಿಲ್ಲ, ನಾನೇ ಒಂದನ್ನು ಇಟ್ಟುಕೊಂಡೆ ಎಂದು ಲ್ಯಾಪ್‌ಟಾಪ್ ಹೇಳುತ್ತಿದೆ ಎಂದು ತಿಳಿಯಬೇಕು. ಆಗ ಲ್ಯಾಪ್‌ಟಾಪಿಗೆ ಕೈಯಾರೆ 192.168.73.50 ಕೊಟ್ಟು ಒಳಗೆ ಹೋಗಿ ಡಿಎಚ್‌ಸಿಪಿಯನ್ನು ಸರಿಪಡಿಸಬಹುದು.

ಹತ್ತು ನಿಮಿಷಗಳೊಳಗೆ ಲೀಸ್ ಪಟ್ಟಿ ಒಂದೊಂದಾಗಿ ತುಂಬತೊಡಗಿತು. ಅಲ್ಲಿಂದಲೇ ಮ್ಯಾಕ್ ವಿಳಾಸಗಳನ್ನು ನಕಲು ಮಾಡಿ ಪ್ರಿಂಟರಿಗೆ 192.168.73.12, ಸ್ಟೋರೇಜಿಗೆ 192.168.73.20 ಕಾಯ್ದಿರಿಸಬೇಕಿತ್ತು. ಪ್ರಿಂಟರಿನದನ್ನು ಹಾಗೆಯೇ ಮಾಡಿದೆ. ಸ್ಟೋರೇಜಿನದನ್ನು ಮಾತ್ರ ಪೆಟ್ಟಿಗೆಯ ತಳದ ಚೀಟಿ ನೋಡಿ ಬರೆಯುವ ಅತಿಜಾಣತನ ಮಾಡಿದೆ. ಆ ಪೆಟ್ಟಿಗೆಗೆ ಎರಡು ಕೇಬಲ್ ಪೋರ್ಟುಗಳು, ಚೀಟಿಯಲ್ಲಿ ಎರಡು ಮ್ಯಾಕ್ ವಿಳಾಸಗಳು. ನಾನು ಬರೆದದ್ದು ಕೇಬಲ್ ಇಲ್ಲದ ಪೋರ್ಟಿನದು. ಅದು ಎರಡು ಸಲ ಆರಿಸಿ ಹಾಕಿದರೂ 137ನ್ನೇ ಪಡೆಯುತ್ತಿದ್ದಾಗ ಚೀಟಿಯನ್ನು ಬಿಟ್ಟು ಪಟ್ಟಿಯನ್ನು ನೋಡಿದೆ. ಲ್ಯಾಪ್‌ಟಾಪುಗಳಲ್ಲೂ ಹೀಗೆಯೇ ಕೇಬಲಿಗೊಂದು, ವೈ-ಫೈಗೊಂದು ಮ್ಯಾಕ್ ಇರುತ್ತದೆ. ಫೋನಿಗೆ ಕಾಯ್ದಿರಿಸುವುದಾದರೆ ಮನೆಯ ವೈ-ಫೈಗೆ ಮಾತ್ರ ಅದರ ವೇಷವನ್ನು ತೆಗೆಸುವುದು ಒಳ್ಳೆಯದು. ಇಲ್ಲದಿದ್ದರೆ ಆ ನೆಟ್‌ವರ್ಕನ್ನು ಮರೆತು ಮತ್ತೆ ಸೇರಿಸಿದಾಗ ಹೊಸ ಮ್ಯಾಕ್ ಹುಟ್ಟಿ ಕಾಯ್ದಿರಿಸಿದ್ದು ವ್ಯರ್ಥವಾಗಬಹುದು.

ಪ್ರಿಂಟರಿಗೆ ಸರಿಯಾದ ವಿಳಾಸ ಬಂದರೂ ಮುದ್ರಣ ನಡೆಯಲಿಲ್ಲ. ಅದರ ಹೆಸರಿಗೆ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು, ಅದರಿಂದ ಇನ್ನಷ್ಟು ಗೊಂದಲವಾಯಿತು. ಆಮೇಲೆ ನೋಡಿದರೆ ಉತ್ತರ ಬರುತ್ತಿದ್ದದ್ದು ಎಫ್‌ಇ80 ಎಂದು ಆರಂಭವಾಗುವ ಐಪಿವಿ6, ಅಂದರೆ ಹೊಸ ಮಾದರಿಯ ಉದ್ದನೆಯ, ವಿಳಾಸದಿಂದ. ಆ ವಿಳಾಸವನ್ನು ಪ್ರತಿ ಉಪಕರಣವೂ ತಾನೇ ಕಟ್ಟಿಕೊಳ್ಳುತ್ತದೆ, ನಾನು ಮಾಡಿದ ಯಾವ ಬದಲಾವಣೆಗೂ ಅದು ಸೊಪ್ಪು ಹಾಕುವುದಿಲ್ಲ. ಐಪಿವಿ4ರಲ್ಲೇ ಪಿಂಗ್ ಮಾಡಿಸಿದಾಗಲೂ ಪ್ರಿಂಟರ್ ಉತ್ತರಿಸಿತು. ಹಾಗಾದರೆ ತಪ್ಪು ಲ್ಯಾಪ್‌ಟಾಪಿನ ಕಡೆಯದು. ಅದರಲ್ಲಿ ಪ್ರಿಂಟರಿನ ಪೋರ್ಟ್ ಇನ್ನೂ 192.168.1.105 ಎಂದೇ ಬರೆದಿತ್ತು. ಸ್ಟೋರೇಜಿಗೆ ಪ್ರತಿ ರಾತ್ರಿ ಕಡತಗಳನ್ನು ಕಳುಹಿಸುವ ಸಣ್ಣ ಸ್ಕ್ರಿಪ್ಟಿನಲ್ಲೂ ಹಳೆಯ ವಿಳಾಸ, ಬ್ರೌಸರಿನಲ್ಲಿ ಉಳಿಸಿಟ್ಟ ಕೊಂಡಿಗಳಲ್ಲೂ ಹಳೆಯ ವಿಳಾಸ. ಒಂದು ವಿಳಾಸ ಎಷ್ಟು ಕಡೆ ಬೇರು ಬಿಟ್ಟಿರುತ್ತದೆ ಎಂಬುದು ಕಿತ್ತಾಗಲೇ ಗೊತ್ತಾಗುವುದು. ಈ ಸಲ ಸ್ಕ್ರಿಪ್ಟಿನಲ್ಲಿ ಅಂಕಿಯ ಬದಲು ರೂಟರಿಗೆ ಗೊತ್ತಿರುವ ಹೆಸರನ್ನು ಬರೆದೆ.

ಈಗ ಉಳಿದದ್ದು ರೆಕಾರ್ಡರ್. ಅದು 192.168.1.64 ಎಂದುಕೊಂಡು, ಯಾರೂ ಇಲ್ಲದ ಓಣಿಯಲ್ಲಿ ಕುಳಿತಿತ್ತು. ಪರದೆಯನ್ನು ಹೊತ್ತು ತರುವ ಬದಲು ಒಂದು ಉಪಾಯ ಮಾಡಿದೆ. ಕೇಬಲುಗಳನ್ನು ಒಂದುಗೂಡಿಸುವ ಸ್ವಿಚ್ ಎಂಬ ಪೆಟ್ಟಿಗೆಗೆ ಐಪಿ ವಿಳಾಸದ ಹಂಗಿಲ್ಲ, ಅದು ಮ್ಯಾಕ್ ನೋಡಿ ಕೆಲಸ ಮಾಡುತ್ತದೆ; ಆದ್ದರಿಂದ ಒಂದೇ ತಂತಿಯ ಮೇಲೆ ಎರಡು ಐಪಿ ನೆಟ್‌ವರ್ಕುಗಳು ಅಕ್ಕಪಕ್ಕದಲ್ಲಿ ಬದುಕಬಹುದು. ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.1.250, ಮಾಸ್ಕ್ 255.255.255.0 ಎಂದು ಕೈಯಾರೆ ಬರೆದು ಗೇಟ್‌ವೇಯನ್ನು ಖಾಲಿ ಬಿಟ್ಟೆ. ಕೂಡಲೇ ರೆಕಾರ್ಡರಿನ ಪುಟ ತೆರೆಯಿತು. ಗುಪ್ತಪದಕ್ಕಾಗಿ ಸುಮಾರು ಎರಡು ಗಂಟೆ ಹಳೆಯ ಪುಸ್ತಕಗಳನ್ನು ಹುಡುಕಿದ ಕಥೆ ಇಲ್ಲಿ ಬೇಡ. ಒಳಗೆ ಹೋದ ಮೇಲೆ, ಆ ಹೊತ್ತಿನ ಆಯಾಸದಲ್ಲಿ, ನನ್ನ ನಿಯಮವನ್ನು ನಾನೇ ಮುರಿದೆ: ಸ್ವಯಂಚಾಲಿತಕ್ಕೆ ತಿರುಗಿಸುವ ಬದಲು 64 ಇದ್ದಲ್ಲಿ 192.168.73.14 ಎಂದು ಕೈಯಾರೆ ತಿದ್ದಿ ಉಳಿಸಿದೆ. ಫೋನಿನಲ್ಲಿ ಕ್ಯಾಮೆರಾಗಳ ಚಿತ್ರ ಬಂದಿತು, ಸಾಕೆಂದು ಎದ್ದೆ.

ಬುಧವಾರ: ಬಾಲಂಗೋಚಿ ಎರಡು

ಸೋಮವಾರವೇ ವಿಪಿಎನ್ ಸೇರಿ 192.168.1.20 ಎಂದು ಕೇಳಿದಾಗ ಕಚೇರಿಯ ಸರ್ವರ್ ಮೊದಲ ಸಲಕ್ಕೆ ಸಿಕ್ಕಿತ್ತು, ಅದರ ಸಂತೋಷದಲ್ಲಿ ಎರಡು ದಿನ ಬೇರೆ ಏನನ್ನೂ ಗಮನಿಸಲಿಲ್ಲ. ಬುಧವಾರ ಹೊರಗಿದ್ದಾಗ ಕ್ಯಾಮೆರಾ ನೋಡಲು ಹೋದರೆ ಚಿತ್ರ ಬರಲಿಲ್ಲ. ಮನೆಗೆ ಬಂದು ವೈ-ಫೈ ಹಿಡಿದ ಕೂಡಲೇ ಬಂದಿತು. ಒಳಗೆ ಸರಿ, ಹೊರಗೆ ಇಲ್ಲ ಎಂದರೆ ಗೇಟ್‌ವೇಯನ್ನು ನೋಡಬೇಕು ಎಂದೇ ಲೆಕ್ಕ, ಏಕೆಂದರೆ ಓಣಿಯೊಳಗಿನ ಮಾತಿಗೆ ಅದು ಬೇಕಿಲ್ಲ. ರೆಕಾರ್ಡರಿನಲ್ಲಿ ಗೇಟ್‌ವೇ 192.168.1.1 ಎಂದೂ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರ್) 192.168.1.1 ಎಂದೂ ಹಾಗೆಯೇ ಉಳಿದಿದ್ದವು. ನಾನು ತಿದ್ದಿದ್ದು ನಾಲ್ಕು ಸಾಲುಗಳಲ್ಲಿ ಒಂದನ್ನು ಮಾತ್ರ. ಈ ಸಲ ಸ್ವಯಂಚಾಲಿತಕ್ಕೆ ತಿರುಗಿಸಿ, ಮ್ಯಾಕನ್ನು ಪಟ್ಟಿಯಿಂದ ನಕಲು ಮಾಡಿ, 14ನ್ನು ರೂಟರಿನಲ್ಲೇ ಕಾಯ್ದಿರಿಸಿದೆ.

ಅದೇ ಸಂಜೆ ಮೇಲಿನ ಮಹಡಿಯಿಂದ ಹಳೆಯ ದೂರು ಮತ್ತೆ ಬಂದಿತು: ವೈ-ಫೈ ಇದೆ, ಇಂಟರ್ನೆಟ್ ಇಲ್ಲ. ಫೋನನ್ನು ಕೈಗೆ ತೆಗೆದುಕೊಂಡು ವೈ-ಫೈ ವಿವರಗಳನ್ನು ತೆರೆದರೆ ಅದರ ವಿಳಾಸ 192.168.1.104. ಮೂರು ದಿನಗಳ ಹಿಂದೆ ಮನೆಯಿಂದಲೇ ಅಳಿಸಿಹಾಕಿದ ನೆಟ್‌ವರ್ಕಿನ ವಿಳಾಸ ಅದಕ್ಕೆ ಎಲ್ಲಿಂದ ಬಂದಿತು? 5 ನಿಮಿಷದ ಗೇಣಿ ಎಂದೋ ಮುಗಿದಿರಬೇಕು. ಲ್ಯಾಪ್‌ಟಾಪನ್ನು ಮೇಲಕ್ಕೆ ಒಯ್ದು ಅಲ್ಲಿನ ವೈ-ಫೈಗೆ ಸೇರಿಸಿ ನೆಟ್‌ವರ್ಕಿನ ಪೂರ್ಣ ವಿವರ ಕೇಳಿದೆ. ಡಿಎಚ್‌ಸಿಪಿ ಸರ್ವರ್ ಯಾರು ಎಂಬ ಸಾಲಿನಲ್ಲಿ 192.168.1.2 ಎಂದಿತ್ತು. ಗೇಟ್‌ವೇಯೂ ಅದೇ. ಅದು ಮೇಲಿನ ಹಳೆಯ ರೂಟರಿನ ವಿಳಾಸ.

ಅದನ್ನು ಆಕ್ಸೆಸ್ ಪಾಯಿಂಟಾಗಿ ಮಾಡಿದ ದಿನ ಅದರ ಡಿಎಚ್‌ಸಿಪಿಯನ್ನು ಆರಿಸಿದ್ದೇನೆ ಎಂದೇ ನಾನು ನಂಬಿಕೊಂಡಿದ್ದೆ. ಆರಿಸಿರಲಿಲ್ಲವೋ, ಆಮೇಲೆ ಯಾವಾಗಲೋ ತಾನಾಗಿ ಹತ್ತಿಕೊಂಡಿತೋ, ಅಂತೂ ಅದು ತಿಂಗಳುಗಟ್ಟಲೆ 100ರಿಂದ 150ರವರೆಗೆ ವಿಳಾಸ ಹಂಚುತ್ತಿತ್ತು. ಒಂದೇ ಮನೆಗೆ ಇಬ್ಬರು ಯಜಮಾನರು. ವಿಳಾಸ ಬೇಕೆಂದು ಉಪಕರಣ ಕೂಗಿದಾಗ ಇಬ್ಬರೂ ಕೊಡಲು ಮುಂದಾಗುತ್ತಾರೆ, ಸಾಮಾನ್ಯವಾಗಿ ಮೊದಲು ತಲುಪಿದವರದ್ದನ್ನು ಉಪಕರಣ ಒಪ್ಪಿಕೊಳ್ಳುತ್ತದೆ. ಕೆಳಗಿದ್ದವರಿಗೆ ಮುಖ್ಯ ರೂಟರ್ ಹತ್ತಿರ, ಮೇಲಿದ್ದವರಿಗೆ ಹಳೆಯದು ಹತ್ತಿರ. ಹಳೆಯದು ತನ್ನನ್ನೇ ಗೇಟ್‌ವೇ ಎಂದು ಹೇಳಿಕೊಳ್ಳುತ್ತಿತ್ತು, ಆದರೆ ಅದರ ವ್ಯಾನ್ ಬಾಯಿಗೆ ಏನೂ ಜೋಡಿಸಿಲ್ಲದ ಕಾರಣ ಅದಕ್ಕೆ ಒಪ್ಪಿಸಿದ ಮಾತು ಅಲ್ಲೇ ಸಾಯುತ್ತಿತ್ತು. ಫೋನುಗಳು ವೈ-ಫೈನಲ್ಲಿ ಇಂಟರ್ನೆಟ್ ಸಿಗದಿದ್ದರೆ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಬಿಡುವುದರಿಂದ ಇದು ಬಹುಪಾಲು ಯಾರ ಕಣ್ಣಿಗೂ ಬೀಳಲಿಲ್ಲ. ಎರಡೂ ರೂಟರುಗಳು 192.168.1 ಎಂದೇ ಹಂಚುತ್ತಿದ್ದ ಕಾರಣ ವಿಳಾಸ ನೋಡಿ ಕೊಟ್ಟವರು ಯಾರೆಂದು ಹೇಳಲು ಸಾಧ್ಯವೇ ಇರಲಿಲ್ಲ. ನೆಟ್‌ವರ್ಕನ್ನು 73ಕ್ಕೆ ಸರಿಸಿದ ಮೇಲೆ ಹಳೆಯದು ಒಂಟಿಯಾಗಿ ಬಯಲಿಗೆ ಬಿದ್ದಿತು.

ಶುಕ್ರವಾರ ನನ್ನನ್ನು ಕಾಡಿದ್ದ ಅಪರಿಚಿತನೂ ಇಲ್ಲಿಯೇ ಸಿಕ್ಕಿದ. ಹಳೆಯ ರೂಟರಿನ ಲೀಸ್ ಪಟ್ಟಿಯನ್ನು ತೆರೆದರೆ ಎರಡನೆಯ ಅಂಕೆ ಎ ಇದ್ದ ಅದೇ ಮ್ಯಾಕ್, ಅದರ ಎದುರು 192.168.1.105. ಮುಖ್ಯ ರೂಟರ್ ಆ ವಿಳಾಸವನ್ನು ಯಾರಿಗೂ ಕೊಟ್ಟಿರಲೂ ಇಲ್ಲ, ತನ್ನ ಪಟ್ಟಿಯನ್ನು ಮರೆತಿರಲೂ ಇಲ್ಲ. ನಾನು ಅದರ ಮೇಲೆ ಹೊರಿಸಿದ ಆರೋಪ ಸುಳ್ಳು. ಪ್ರಿಂಟರಿಗೆ ಹಂಚಿಕೆಯ ವ್ಯಾಪ್ತಿಯೊಳಗೆ ಕೈಯಾರೆ ವಿಳಾಸ ಬರೆದದ್ದು ಮಾತ್ರ ನನ್ನದೇ ತಪ್ಪು, ಅದರಲ್ಲಿ ಬದಲಾವಣೆಯಿಲ್ಲ.

ಹಳೆಯ ರೂಟರಿಗೆ ಕೇಬಲ್ ಜೋಡಿಸಿ ಒಳಗೆ ಹೋಗಿ, ಡಿಎಚ್‌ಸಿಪಿ ಆರಿಸಿ, ಅದರ ವಿಳಾಸವನ್ನು 192.168.73.2 ಎಂದು ಬದಲಿಸಿದೆ. ಕೆಳಗಿನಿಂದ ಬಂದ ಕೇಬಲ್ ಅದರ ಲ್ಯಾನ್ ಬಾಯಿಯಲ್ಲೇ ಇದೆಯೆಂಬುದನ್ನೂ ನೋಡಿಕೊಂಡೆ. ಅದರ ಫರ್ಮ್‌ವೇರಿನಲ್ಲಿ (ಒಳಗಿನ ತಂತ್ರಾಂಶದಲ್ಲಿ) ಲ್ಯಾನ್ ವಿಳಾಸವನ್ನು ಬೇರೆಯವರಿಂದ ಕೇಳಿ ಪಡೆಯುವ ಸೌಲಭ್ಯವೇ ಇಲ್ಲದ ಕಾರಣ, ಮನೆಯಲ್ಲಿ ಕೈಯಾರೆ ವಿಳಾಸ ಬರೆದಿರುವ ಒಂದೇ ಒಂದು ಉಪಕರಣವಾಗಿ ಅದು ಉಳಿಯಿತು. ಬದಲಾವಣೆ ನಿಂತಿದೆಯೇ ಎಂದು ತಿಳಿಯಲು ಎರಡು ಸಲ ವಿದ್ಯುತ್ ಕಿತ್ತು ಹಾಕಿ ನೋಡಿದೆ. ಮೇಲಿನ ಫೋನುಗಳಿಗೆ 73ರ ವಿಳಾಸವೇ ಬಂದಿತು.

ಕೊನೆಗೆ ಲೀಸ್ ಅವಧಿಯನ್ನು ಮರಳಿ 24 ಗಂಟೆಗೆ ಏರಿಸಿ, ಹೊಸ ಸೆಟ್ಟಿಂಗುಗಳ ಪ್ರತಿಯನ್ನು ಇಳಿಸಿಕೊಂಡು, ಹಂಚಿಕೆಯ ಕಾಗದವನ್ನು ರೂಟರಿನ ಕೆಳಗೆ ಅಂಟಿಸಿದೆ. ಮಲಗುವ ಮೊದಲು ಶುಕ್ರವಾರದ ಪಿಂಗ್ ಆದೇಶವನ್ನೇ ಈಗಿನ ವ್ಯಾಪ್ತಿಯ ಮೇಲೆ ಓಡಿಸಿ ಎಣಿಸಿದೆ. ಉಪಕರಣಗಳು 22, ಲೀಸ್ ಪಟ್ಟಿಯಲ್ಲಿ 21. ಪಟ್ಟಿಯಲ್ಲಿ ಇಲ್ಲದ್ದು 192.168.73.2 ಒಂದೇ.